ಔಷಧದ ಪೇಟೆಂಟ್ ಮತ್ತು ಸರ್ಕಾರ ಬಳಸದ ಅಧಿಕಾರ

ಕೋವಿಡ್ ಎರಡನೇ ಅಲೆ ದಿನಕ್ಕೆ ಲಕ್ಷಗಟ್ಟಲೆ ಜನರನ್ನು ಹಾಸಿಗೆ ಹಿಡಿಸುತ್ತಿದ್ದಾಗ, 2021ರ ಏಪ್ರಿಲ್ 30ರಂದು, ಸುಪ್ರೀಂ ಕೋರ್ಟ್ ಕೇಂದ್ರ ಸರ್ಕಾರಕ್ಕೆ ಒಂದು ಕಾನೂನನ್ನು ನೆನಪಿಸಿತು. ನ್ಯಾಯಮೂರ್ತಿಗಳಾದ ಡಿ.ವೈ. ಚಂದ್ರಚೂಡ್, ಎಲ್. ನಾಗೇಶ್ವರ ರಾವ್ ಮತ್ತು ಎಸ್. ರವೀಂದ್ರ ಭಟ್ ಅವರ ಪೀಠದ ಮುಂದಿದ್ದ, ನ್ಯಾಯಾಲಯ ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡಿದ್ದ ಪ್ರಕರಣ ಅದು. ರೆಮ್‌ಡಿಸಿವಿರ್, ಟೊಸಿಲಿಜುಮ್ಯಾಬ್‌ನಂಥ ಔಷಧಗಳಿಗೆ ದೇಶದ ಉದ್ದಗಲಕ್ಕೂ ಹಾಹಾಕಾರ ಎದ್ದಿತ್ತು. ಪೇಟೆಂಟ್ ಕಾಯ್ದೆಯ 92, 100 ಮತ್ತು 102ನೇ ಸೆಕ್ಷನ್‌ಗಳು ನಿಮಗೆ ಅಧಿಕಾರ ಕೊಟ್ಟಿವೆ, ಅದನ್ನು ಬಳಸಿ ಹೆಚ್ಚು ಕಂಪನಿಗಳಿಂದ ಔಷಧ ಮಾಡಿಸುವ ಬಗ್ಗೆ ಯೋಚಿಸಬಹುದಲ್ಲವೇ ಎಂದು ಪೀಠ ಕೇಳಿತು. ಆದೇಶ ಮಾಡಲಿಲ್ಲ. ತೀರ್ಮಾನವನ್ನು ಸರ್ಕಾರಕ್ಕೇ ಬಿಟ್ಟಿತು.

ಹತ್ತು ದಿನದೊಳಗೆ ಕೇಂದ್ರದ ಪ್ರಮಾಣಪತ್ರ ಬಂತು. ಮುಖ್ಯ ತೊಡಕು ಕಚ್ಚಾ ಸಾಮಗ್ರಿಯದ್ದು, ಬರೀ ಅನುಮತಿ ಕೊಟ್ಟರೆ ಔಷಧ ಹೆಚ್ಚಾಗುವುದಿಲ್ಲ ಎಂದಿತು ಸರ್ಕಾರ. ಅಷ್ಟಕ್ಕೇ ನಿಲ್ಲಲಿಲ್ಲ. ಈ ಹಂತದಲ್ಲಿ ಇಂಥ ಅಧಿಕಾರದ ಪ್ರಸ್ತಾಪ ಮಾಡುವುದೇ, ಚರ್ಚಿಸುವುದೇ, ರಾಜತಾಂತ್ರಿಕ ಮಾರ್ಗದಲ್ಲಿ ನಡೆಯುತ್ತಿರುವ ಪ್ರಯತ್ನಗಳಿಗೆ ದೊಡ್ಡ ಪೆಟ್ಟು ಕೊಡುತ್ತದೆ ಎಂಬುದು ಅದರ ವಾದವಾಗಿತ್ತು. ಇದೇ ಸರ್ಕಾರ 2020ರ ಅಕ್ಟೋಬರ್ 2ರಂದೇ ದಕ್ಷಿಣ ಆಫ್ರಿಕಾ ಜೊತೆಗೂಡಿ, ಕೋವಿಡ್ ಮುಗಿಯುವ ತನಕ ಲಸಿಕೆ ಮತ್ತು ಔಷಧಗಳ ಮೇಲಿನ ಪೇಟೆಂಟ್ ನಿರ್ಬಂಧ ಸಡಿಲಿಸಿ ಎಂದು ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಪ್ರಸ್ತಾವ ಮಂಡಿಸಿತ್ತು. ಇಡೀ ಜಗತ್ತಿನ ಪರವಾಗಿ ಜಿನೀವಾದಲ್ಲಿ ಕೇಳಿದ್ದನ್ನು, ತನ್ನದೇ ಕಾಯ್ದೆಯಲ್ಲಿ ಆಗಲೇ ಇರುವ ಅಧಿಕಾರದಿಂದ ದೆಹಲಿಯಲ್ಲಿ ಮಾಡಲು ಅದು ಹಿಂಜರಿಯಿತು. ಈ ಹಿಂಜರಿಕೆ ತಪ್ಪಾಗಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ. ಮುಂದಿನ ಸಾಂಕ್ರಾಮಿಕ ಬರುವ ಮೊದಲು ಅದನ್ನು ಸರಿಪಡಿಸಿಕೊಳ್ಳದಿದ್ದರೆ ಮತ್ತೆ ಅದೇ ಪರದಾಟ ಕಾದಿದೆ.

ಈ ಅಧಿಕಾರಕ್ಕಿರುವ ಕಡ್ಡಾಯ ಪರವಾನಗಿ ಎಂಬ ಹೆಸರು ಕೇಳಿದರೆ ಯಾರದೋ ಸ್ವತ್ತು ಕಿತ್ತುಕೊಂಡಂತೆ ಅನಿಸುತ್ತದೆ. ಹಾಗೇನಿಲ್ಲ. ಹೆದ್ದಾರಿಗೆ ಜಮೀನು ಬೇಕಾದಾಗ ಸರ್ಕಾರ ಪರಿಹಾರ ಕೊಟ್ಟು ಭೂಸ್ವಾಧೀನ ಮಾಡಿಕೊಳ್ಳುವುದನ್ನು ನಾವೆಲ್ಲ ಕಂಡಿದ್ದೇವೆ. ಇಲ್ಲಿ ಅಷ್ಟೂ ಇಲ್ಲ. ಪೇಟೆಂಟ್ ಅದನ್ನು ಪಡೆದ ಕಂಪನಿಯ ಬಳಿಯೇ ಉಳಿಯುತ್ತದೆ, ಅದು ತನ್ನ ಔಷಧ ಮಾರುವುದನ್ನು ಯಾರೂ ತಡೆಯುವುದಿಲ್ಲ. ಬೇರೊಬ್ಬ ತಯಾರಕನಿಗೂ ಅದೇ ಔಷಧ ಮಾಡುವ ಅನುಮತಿ ಸಿಗುತ್ತದೆ, ಅವನು ಮಾರಾಟದ ಮೇಲೆ ಮೂಲ ಕಂಪನಿಗೆ ರಾಯಧನ ಕಟ್ಟುತ್ತಾನೆ. ಕಂಪನಿಗೆ ತಪ್ಪಿಹೋಗುವುದು ಒಂದೇ: ಬೇಡ ಎನ್ನುವ ಹಕ್ಕು.

ಭಾರತದ ಕಾಯ್ದೆಯಲ್ಲಿ ಇದಕ್ಕೆ ಹಲವು ದಾರಿಗಳಿವೆ. 84ನೇ ಸೆಕ್ಷನ್ ಸಾಮಾನ್ಯ ದಿನಗಳದ್ದು. ಪೇಟೆಂಟ್ ಕೊಟ್ಟು ಮೂರು ವರ್ಷ ಕಳೆದಿರಬೇಕು. ಜನರ ಅಗತ್ಯಕ್ಕೆ ತಕ್ಕಷ್ಟು ಪೂರೈಕೆಯಿಲ್ಲ, ಕೈಗೆಟಕುವ ಬೆಲೆಯಲ್ಲಿ ಸಿಗುತ್ತಿಲ್ಲ, ಭಾರತದಲ್ಲಿ ಆ ಪೇಟೆಂಟ್ ಬಳಕೆಗೇ ಬಂದಿಲ್ಲ, ಈ ಮೂರರಲ್ಲಿ ಒಂದನ್ನು ತೋರಿಸಿದರೂ ಸಾಕು, ಆಸಕ್ತಿಯುಳ್ಳ ಯಾರು ಬೇಕಾದರೂ ಅರ್ಜಿ ಹಾಕಬಹುದು. 92ನೇ ಸೆಕ್ಷನ್ ತುರ್ತು ಕಾಲದ್ದು. ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದರೆ ಮೂರು ವರ್ಷ ಕಾಯಬೇಕಿಲ್ಲ. ಸಾಂಕ್ರಾಮಿಕದ ಹೊತ್ತಿನಲ್ಲಿ ನೋಟಿಸು, ತಕರಾರು, ವಿಚಾರಣೆ ಎಂಬ ಸುದೀರ್ಘ ಕ್ರಮವನ್ನೂ ಬದಿಗಿಡಬಹುದು. ಏಡ್ಸ್, ಕ್ಷಯ, ಮಲೇರಿಯಾ ಹಾಗೂ ಇತರ ಸಾಂಕ್ರಾಮಿಕಗಳನ್ನು ಈ ಸೆಕ್ಷನ್ ಹೆಸರಿಸಿಯೇ ಹೇಳುತ್ತದೆ. 100ನೇ ಸೆಕ್ಷನ್ ಇನ್ನೂ ನೇರ: ಸರ್ಕಾರದ ಉಪಯೋಗಕ್ಕೆಂದು ಪೇಟೆಂಟ್ ಇರುವ ವಸ್ತುವನ್ನು ಕೇಂದ್ರ ತಾನೇ ಮಾಡಿಸಬಹುದು ಅಥವಾ ಬೇರೆಯವರಿಗೆ ಲಿಖಿತ ಅನುಮತಿ ಕೊಡಬಹುದು. ಸರ್ಕಾರದ ಉಪಯೋಗ ಎಂದರೆ ರಾಜ್ಯ ಸರ್ಕಾರಗಳ ಮತ್ತು ಸರ್ಕಾರಿ ಉದ್ಯಮಗಳ ಉಪಯೋಗವೂ ಸೇರಿತು ಎಂದು 99ನೇ ಸೆಕ್ಷನ್ ಸ್ಪಷ್ಟಪಡಿಸಿದೆ. ಬಹಳ ಜನರ ಗಮನಕ್ಕೆ ಬಾರದ 47ನೇ ಸೆಕ್ಷನ್ ಕೂಡ ಇದೆ. ಸರ್ಕಾರಿ ಆಸ್ಪತ್ರೆ, ಔಷಧಾಲಯಗಳಲ್ಲಿ ಹಂಚುವುದಕ್ಕಾದರೆ ಪೇಟೆಂಟ್ ಇರುವ ಔಷಧವನ್ನು ಸರ್ಕಾರ ಹೊರದೇಶದಿಂದ ತರಿಸಿಕೊಳ್ಳಬಹುದು ಎನ್ನುತ್ತದೆ ಅದು. ಪೇಟೆಂಟ್ ಕೊಡುವಾಗಲೇ ಈ ಷರತ್ತು ಅದರೊಂದಿಗೆ ಬರುತ್ತದೆ.

ಇಷ್ಟು ಜಾಗರೂಕತೆಯ ಕಾನೂನು ನಮಗೆ ಸುಮ್ಮನೆ ದಕ್ಕಿದ್ದಲ್ಲ. ಸ್ವಾತಂತ್ರ್ಯದ ನಂತರವೂ 1911ರ ಬ್ರಿಟಿಷ್ ಕಾಲದ ಕಾಯ್ದೆಯೇ ನಡೆಯುತ್ತಿತ್ತು. ಅದನ್ನು ಪರಿಶೀಲಿಸಲು ನೇಮಕವಾದ ನ್ಯಾಯಮೂರ್ತಿ ಎನ್. ರಾಜಗೋಪಾಲ ಅಯ್ಯಂಗಾರ್ 1959ರಲ್ಲಿ ವರದಿ ಕೊಟ್ಟರು. ಭಾರತದ ಪೇಟೆಂಟ್‌ಗಳಲ್ಲಿ ಹತ್ತಕ್ಕೆ ಎಂಟಕ್ಕಿಂತ ಹೆಚ್ಚು ವಿದೇಶಿಯರ ಕೈಯಲ್ಲಿವೆ, ಅವುಗಳಲ್ಲಿ ಬಹುಪಾಲು ಇಲ್ಲಿ ತಯಾರಿಕೆಗೇ ಬಂದಿಲ್ಲ, ಬರೀ ಆಮದಿನ ಮೇಲೆ ಹಿಡಿತ ಸಾಧಿಸಲು ಬಳಕೆಯಾಗುತ್ತಿವೆ ಎಂದು ಅವರು ಕಂಡುಕೊಂಡರು. ಆ ವರದಿಯ ತಳಹದಿಯ ಮೇಲೆ 1970ರ ಕಾಯ್ದೆ ಬಂತು. ಔಷಧಗಳ ಮಟ್ಟಿಗೆ ತಯಾರಿಸುವ ವಿಧಾನಕ್ಕೆ ಮಾತ್ರ ಪೇಟೆಂಟ್ ಎಂದು ಅದು ಹೇಳಿತು. ಬೇರೆ ವಿಧಾನ ಕಂಡುಹಿಡಿದವರು ಅದೇ ಔಷಧ ಮಾಡಬಹುದಾಯಿತು. ನಮ್ಮ ಜೆನೆರಿಕ್ ಉದ್ಯಮ ಬೆಳೆದು ನಿಂತದ್ದು ಈ ಒಂದು ಅವಕಾಶದಿಂದ. 2001ರ ಫೆಬ್ರುವರಿಯಲ್ಲಿ ಸಿಪ್ಲಾದ ಯೂಸುಫ್ ಹಮೀದ್ ಅವರು ಏಡ್ಸ್ ಚಿಕಿತ್ಸೆಯ ಮೂರು ಔಷಧಗಳನ್ನು ವರ್ಷಕ್ಕೆ ಒಬ್ಬ ರೋಗಿಗೆ 350 ಡಾಲರಿನಂತೆ ಕೊಡುತ್ತೇನೆ ಎಂದಾಗ, ಅದೇ ಚಿಕಿತ್ಸೆಗೆ ಶ್ರೀಮಂತ ದೇಶಗಳಲ್ಲಿ 10,000 ಡಾಲರಿಗೂ ಮೇಲಿತ್ತು ಖರ್ಚು. ಆಫ್ರಿಕಾದ ಏಡ್ಸ್ ಚಿಕಿತ್ಸೆಯ ಚರಿತ್ರೆ ಅಲ್ಲಿಂದ ಬದಲಾಯಿತು.

ಬೌದ್ಧಿಕ ಆಸ್ತಿಯ ಕುರಿತಾದ ವಿಶ್ವ ವ್ಯಾಪಾರ ಸಂಸ್ಥೆಯ ಟ್ರಿಪ್ಸ್ ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ ಆ ಬಾಗಿಲು ಮುಚ್ಚಿತು. 2005ರ ಜನವರಿ 1ರಿಂದ ಔಷಧದ ಮೇಲೆಯೇ 20 ವರ್ಷದ ಪೇಟೆಂಟ್ ಕೊಡಬೇಕಾಯಿತು. ಆಗ ನಮಗೆ ಉಳಿದ ರಕ್ಷಣೆಗಳಲ್ಲಿ ಮುಖ್ಯವಾದದ್ದು ಕಡ್ಡಾಯ ಪರವಾನಗಿ.

ಅದನ್ನು ಭಾರತ ಬಳಸಿದ್ದು ಒಂದೇ ಒಂದು ಬಾರಿ. ಆ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಜರ್ಮನಿಯ ಬೇಯರ್ ಕಂಪನಿಗೆ ಸೊರಾಫೆನಿಬ್ ಎಂಬ ಔಷಧದ ಮೇಲೆ 2008ರಲ್ಲಿ ಇಲ್ಲಿ ಪೇಟೆಂಟ್ ಸಿಕ್ಕಿತು. ಮಾರುಕಟ್ಟೆಯಲ್ಲಿ ಅದರ ಹೆಸರು ನೆಕ್ಸಾವರ್. ಯಕೃತ್ತು ಮತ್ತು ಮೂತ್ರಪಿಂಡದ ಕ್ಯಾನ್ಸರ್ ಮುಂದುವರಿದ ಹಂತ ತಲುಪಿದವರಿಗೆ ಆಯುಸ್ಸನ್ನು ಕೆಲವು ತಿಂಗಳು, ಕೆಲವೊಮ್ಮೆ ವರ್ಷಗಳ ಮಟ್ಟಿಗೆ ಹಿಗ್ಗಿಸುವ ಮಾತ್ರೆ. ತಿಂಗಳಿಗೆ ಬೇಕಾದ 120 ಮಾತ್ರೆಗಳ ಬೆಲೆ 2,80,428 ರೂಪಾಯಿ. ಹೈದರಾಬಾದಿನ ನ್ಯಾಟ್ಕೊ ಕಂಪನಿ 2010ರ ಕೊನೆಯಲ್ಲಿ ಬೇಯರ್‌ಗೆ ಪತ್ರ ಬರೆದು ಪರವಾನಗಿ ಕೇಳಿತು. ಬೇಯರ್ ಒಪ್ಪಲಿಲ್ಲ. ಮೂರು ವರ್ಷದ ಗಡುವು ಮುಗಿದ ಮೇಲೆ, 2011ರಲ್ಲಿ, ನ್ಯಾಟ್ಕೊ ಪೇಟೆಂಟ್ ಕಂಟ್ರೋಲರ್ ಮುಂದೆ ಅರ್ಜಿ ಹಾಕಿತು. ಅದೇ ಮಾತ್ರೆಯನ್ನು ತಿಂಗಳಿಗೆ 8,880 ರೂಪಾಯಿಗೆ ಕೊಡುತ್ತೇನೆ ಎಂದಿತು.

2012ರ ಮಾರ್ಚ್ 9ರಂದು ಕಂಟ್ರೋಲರ್ ಪಿ.ಎಚ್. ಕುರಿಯನ್ ಕೊಟ್ಟ ಆದೇಶ ಇವತ್ತಿಗೂ ಓದಬೇಕಾದದ್ದು. ಔಷಧ ಬೇಕಾದ ರೋಗಿಗಳಲ್ಲಿ ಬೇಯರ್ ತಲುಪಿದ್ದು ಶೇ 2ರಷ್ಟು ಮಂದಿಯನ್ನು ಮಾತ್ರ ಎಂದು ಅವರು ಲೆಕ್ಕ ಹಾಕಿದರು. ಸಿಪ್ಲಾ ಕಂಪನಿಯೂ ಈ ಔಷಧ ಮಾರುತ್ತಿದೆಯಲ್ಲ, ಕೊರತೆ ಎಲ್ಲಿದೆ ಎಂದು ಬೇಯರ್ ವಾದಿಸಿತು. ಅದೇ ಸಿಪ್ಲಾ ಮೇಲೆ ಪೇಟೆಂಟ್ ಉಲ್ಲಂಘನೆಯ ಮೊಕದ್ದಮೆ ಹೂಡಿದ್ದೂ ಬೇಯರ್! ನ್ಯಾಯಾಲಯದಲ್ಲಿ ತಡೆಯಲು ಹೊರಟ ಮಾರಾಟವನ್ನೇ ತನ್ನ ಪೂರೈಕೆ ಎಂದು ತೋರಿಸುವಂತಿಲ್ಲ ಎಂದರು ಕಂಟ್ರೋಲರ್. ಕೈಗೆಟಕುವ ಬೆಲೆ ಎಂದರೆ ಯಾರ ಕೈಗೆ ಎಂಬ ಪ್ರಶ್ನೆಗೂ ಅವರು ಉತ್ತರ ಕೊಟ್ಟರು: ಕೊಳ್ಳುವ ಜನರ ಕೈಗೆ. 84ನೇ ಸೆಕ್ಷನ್ನಿನ ಮೂರೂ ಕಾರಣಗಳು ಸಾಬೀತಾಗಿವೆ ಎಂದು ತೀರ್ಮಾನವಾಯಿತು. ನ್ಯಾಟ್ಕೊ ಶೇ 6ರ ರಾಯಧನ ಕಟ್ಟಬೇಕು, ವರ್ಷಕ್ಕೆ ಕನಿಷ್ಠ 600 ಬಡ ರೋಗಿಗಳಿಗೆ ಉಚಿತವಾಗಿ ಕೊಡಬೇಕು ಎಂದು ಷರತ್ತು. ಮೇಲ್ಮನವಿ ಮಂಡಳಿ ಮರುವರ್ಷ ರಾಯಧನವನ್ನು ಶೇ 7ಕ್ಕೆ ಏರಿಸಿ ಆದೇಶವನ್ನು ಎತ್ತಿಹಿಡಿಯಿತು. 2014ರ ಜುಲೈನಲ್ಲಿ ಬಾಂಬೆ ಹೈಕೋರ್ಟ್ ಅದನ್ನೇ ಅನುಮೋದಿಸಿತು, ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಬೇಯರ್ ಅರ್ಜಿಯನ್ನು ತಳ್ಳಿಹಾಕಿತು.

ಆಮೇಲೆ? ದಾಸಾಟಿನಿಬ್ ಎಂಬ ರಕ್ತದ ಕ್ಯಾನ್ಸರ್ ಔಷಧಕ್ಕೆ ಬಿಡಿಆರ್ ಕಂಪನಿ ಹಾಕಿದ ಅರ್ಜಿ 2013ರಲ್ಲಿ ಬಿದ್ದುಹೋಯಿತು. ಸ್ಯಾಕ್ಸಾಗ್ಲಿಪ್ಟಿನ್ ಎಂಬ ಮಧುಮೇಹದ ಔಷಧಕ್ಕೆ ಲೀ ಫಾರ್ಮಾ ಹಾಕಿದ್ದು 2016ರಲ್ಲಿ ಬಿತ್ತು. 2022ರಲ್ಲಿ ಕೇರಳದಲ್ಲಿ ಸ್ತನ ಕ್ಯಾನ್ಸರ್ ಇದ್ದ ಒಬ್ಬ ಮಹಿಳೆ, ರೈಬೋಸಿಕ್ಲಿಬ್ ಎಂಬ ಔಷಧದ ಬೆಲೆ ತನ್ನಂಥವರಿಗೆ ಭರಿಸಲಾಗದು, ಸರ್ಕಾರ ತನ್ನ ಅಧಿಕಾರ ಬಳಸಲಿ ಎಂದು ಹೈಕೋರ್ಟ್ ಮೆಟ್ಟಿಲೇರಿದರು. ಪ್ರಕರಣ ಇತ್ಯರ್ಥವಾಗುವ ಮೊದಲೇ ಅವರು ತೀರಿಕೊಂಡರು. ವಿಷಯದ ಮಹತ್ವ ಕಂಡು ನ್ಯಾಯಾಲಯ ಪ್ರಕರಣವನ್ನು ತಾನೇ ಮುಂದುವರಿಸಿತು. ರೋಗಿಯ ಆಯುಸ್ಸು ಮತ್ತು ಕಡತದ ಆಯುಸ್ಸು ಒಂದೇ ಅಳತೆಯವಲ್ಲ ಎಂಬುದಕ್ಕೆ ಇದಕ್ಕಿಂತ ನೋವಿನ ಸಾಕ್ಷಿ ಬೇಕಿಲ್ಲ.

ಒಂದು ಸಂಗತಿಯನ್ನು ಗಮನಿಸಬೇಕು. ಸೊರಾಫೆನಿಬ್ ಪ್ರಕರಣ 84ನೇ ಸೆಕ್ಷನ್ನಿನದು. ಅರ್ಜಿ ಹಾಕಿದ್ದು ಖಾಸಗಿ ಕಂಪನಿ. ತುರ್ತು ಕಾಲಕ್ಕೆಂದೇ ಬರೆದಿಟ್ಟ 92ನೇ ಸೆಕ್ಷನ್ನಿನಡಿ ಕೇಂದ್ರ ಸರ್ಕಾರ ಕೋವಿಡ್ ಕಾಲದಲ್ಲೂ ಒಂದು ಅಧಿಸೂಚನೆ ಹೊರಡಿಸಲಿಲ್ಲ.

ಬೇರೆ ದೇಶಗಳು ಇಷ್ಟು ಅಳುಕಿದ್ದಿಲ್ಲ. 2001ರ ಶರತ್ಕಾಲದಲ್ಲಿ ಅಮೆರಿಕದಲ್ಲಿ ಅಂಚೆಯ ಲಕೋಟೆಗಳಲ್ಲಿ ಆಂಥ್ರಾಕ್ಸ್ ಪುಡಿ ಬಂದು ಐವರು ಸತ್ತರು. ಅದಕ್ಕೆ ಮದ್ದು ಸಿಪ್ರೊ, ಪೇಟೆಂಟ್ ಇದೇ ಬೇಯರ್‌ನದು. ಅಮೆರಿಕದ ಆರೋಗ್ಯ ಕಾರ್ಯದರ್ಶಿ ಟಾಮಿ ಥಾಂಪ್ಸನ್, ಬೆಲೆ ಇಳಿಸದಿದ್ದರೆ ಪೇಟೆಂಟನ್ನು ಬದಿಗಿಟ್ಟು ಬೇರೆಯವರಿಂದ ಮಾಡಿಸಬೇಕಾಗುತ್ತದೆ ಎಂದು ಬಹಿರಂಗವಾಗಿಯೇ ಹೇಳಿದರು. ಮಾತ್ರೆಯೊಂದಕ್ಕೆ 1.77 ಡಾಲರ್ ಇದ್ದ ಬೆಲೆ 95 ಸೆಂಟಿಗೆ ಇಳಿಯಿತು. ಐದು ಸಾವಿಗೆ ಒಂದು ಶ್ರೀಮಂತ ದೇಶ ಹೀಗೆ ನಡೆದುಕೊಂಡದ್ದನ್ನು, ಲಕ್ಷಗಟ್ಟಲೆ ಏಡ್ಸ್ ಸಾವುಗಳನ್ನು ಕಾಣುತ್ತಿದ್ದ ಆಫ್ರಿಕಾದ ದೇಶಗಳು ನೋಡುತ್ತಿದ್ದವು. ಕೆಲವೇ ವಾರಗಳ ನಂತರ, ನವೆಂಬರ್ 14ರಂದು, ದೋಹಾದಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಸದಸ್ಯ ದೇಶಗಳೆಲ್ಲ ಒಮ್ಮತದಿಂದ ಒಂದು ಘೋಷಣೆ ಮಾಡಿದವು. ಕಡ್ಡಾಯ ಪರವಾನಗಿ ಕೊಡುವುದು ಪ್ರತಿ ದೇಶದ ಹಕ್ಕು, ಯಾವ ಕಾರಣಕ್ಕೆ ಕೊಡಬೇಕು, ಯಾವುದು ರಾಷ್ಟ್ರೀಯ ತುರ್ತು ಎಂಬುದನ್ನು ಆಯಾ ದೇಶವೇ ತೀರ್ಮಾನಿಸಬಹುದು ಎಂದು ಅದರಲ್ಲಿದೆ. ಥಾಯ್ಲೆಂಡ್ 2006ರ ಕೊನೆಯಿಂದ ಏಡ್ಸ್ ಮತ್ತು ಹೃದ್ರೋಗದ ಔಷಧಗಳಿಗೆ, ಬ್ರೆಜಿಲ್ 2007ರಲ್ಲಿ ಏಡ್ಸ್ ಔಷಧವಾದ ಎಫಾವಿರೆಂಜ್‌ಗೆ, ಮಲೇಷ್ಯಾ 2017ರಲ್ಲಿ ಹೆಪಟೈಟಿಸ್ ಸಿ ಔಷಧಕ್ಕೆ, ಕೊಲಂಬಿಯಾ 2024ರಲ್ಲಿ ಏಡ್ಸ್‌ನದೇ ಇನ್ನೊಂದು ಔಷಧವಾದ ಡೊಲುಟೆಗ್ರಾವಿರ್‌ಗೆ ಈ ಹಕ್ಕನ್ನು ಚಲಾಯಿಸಿದವು. ಕೋವಿಡ್ ಬಂದಾಗ ಇಸ್ರೇಲ್, ಹಂಗೆರಿ, ರಷ್ಯಾ ಕೂಡ ಇದೇ ದಾರಿ ಹಿಡಿದವು. ಜರ್ಮನಿ ಮತ್ತು ಕೆನಡಾ 2020ರ ಮಾರ್ಚ್‌ನಲ್ಲೇ ಕಾನೂನು ತಿದ್ದಿ ಸಿದ್ಧವಾದವು. ಬಡ ದೇಶಗಳು ಮಾತ್ರ ಕೇಳುವ ರಿಯಾಯಿತಿ ಇದು ಎಂದು ಹೇಳುವವರು ಈ ಪಟ್ಟಿಯನ್ನು ನೋಡಬೇಕು.

ಈಗ 2021ರ ಭಾರತಕ್ಕೆ ಮರಳೋಣ. ರೆಮ್‌ಡಿಸಿವಿರ್ ಮೇಲೆ ಅಮೆರಿಕದ ಗಿಲಿಯಡ್ ಕಂಪನಿಗೆ ಭಾರತದಲ್ಲಿ ಪೇಟೆಂಟ್ ಇತ್ತು. ಅದು ತಾನಾಗಿಯೇ ಏಳು ಕಂಪನಿಗಳಿಗೆ ಪರವಾನಗಿ ಕೊಟ್ಟಿತ್ತು. ಬೆಂಗಳೂರಿನ ಸಿಂಜೀನ್ ಅವುಗಳಲ್ಲೊಂದು. ಒಪ್ಪಿ ಕೊಟ್ಟ ಪರವಾನಗಿ ಇರುವಾಗ ಕಡ್ಡಾಯ ಏಕೆ ಎಂಬುದು ಸರ್ಕಾರದ ನಿಲುವಾಗಿತ್ತು. ಆದರೆ ಒಪ್ಪಂದದ ಪರವಾನಗಿಯಲ್ಲಿ ಯಾರು ಮಾಡಬೇಕು, ಎಷ್ಟು ಮಂದಿ ಮಾಡಬೇಕು, ಎಲ್ಲಿ ಮಾರಬೇಕು ಎಂಬುದೆಲ್ಲ ಪೇಟೆಂಟ್ ಹೊಂದಿದ ಕಂಪನಿಯ ತೀರ್ಮಾನ. ಮೊದಲ ಅಲೆ ಇಳಿದಾಗ ಈ ಏಳು ಕಂಪನಿಗಳು ತಯಾರಿಕೆ ತಗ್ಗಿಸಿದವು. ಏಪ್ರಿಲಿನಲ್ಲಿ ಬೇಡಿಕೆ ಉಕ್ಕಿದಾಗ ದಾಸ್ತಾನು ಇರಲಿಲ್ಲ. ಸಾವಿರದ ಲೆಕ್ಕದ ಬೆಲೆಯ ಒಂದು ವಯಲ್ ಕಾಳಸಂತೆಯಲ್ಲಿ ಹತ್ತಾರು ಸಾವಿರಕ್ಕೆ ಬಿಕರಿಯಾಯಿತು. ಏಪ್ರಿಲ್ 17ರಂದು ಸರ್ಕಾರದ ಒತ್ತಾಯಕ್ಕೆ ಕಂಪನಿಗಳು ಬೆಲೆ ಇಳಿಸಿದವು. ಒಂದು ಕಂಪನಿಯ ವಯಲ್ 2,800 ರೂಪಾಯಿಯಿಂದ 899ಕ್ಕೆ ಬಂತು, ಇನ್ನೊಂದರದ್ದು 5,400ರಿಂದ 2,700ಕ್ಕೆ. ಹೊಸ ಘಟಕಗಳಿಗೆ ಅನುಮತಿ ಸಿಕ್ಕ ಮೇಲೆ ತಿಂಗಳ ಸಾಮರ್ಥ್ಯ ಸುಮಾರು 38 ಲಕ್ಷ ವಯಲ್‌ಗಳಿಂದ ಒಂದು ಕೋಟಿ ದಾಟಿತು. ಸರ್ಕಾರ ಮನಸ್ಸು ಮಾಡಿದರೆ ಬೆಲೆಯೂ ಇಳಿಯುತ್ತದೆ, ತಯಾರಿಕೆಯೂ ಏರುತ್ತದೆ ಎಂದಾಯಿತಲ್ಲ. ಅದೇ ಮನಸ್ಸನ್ನು ಎರಡು ತಿಂಗಳು ಮೊದಲು ಮಾಡಬಹುದಿತ್ತು. ರೆಮ್‌ಡಿಸಿವಿರ್‌ನಿಂದ ಎಷ್ಟು ಪ್ರಯೋಜನ ಎಂಬ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಗೆ ಆಗಲೇ ಸಂಶಯವಿತ್ತು ಎಂಬುದನ್ನು ಮರೆಯುವಂತಿಲ್ಲ. ಆದರೆ ವೈದ್ಯರು ಚೀಟಿ ಬರೆದು ಕೊಡುತ್ತಿದ್ದಾಗ ಅದಕ್ಕಾಗಿ ಓಡಿದ ಮನೆಯವರಿಗೆ ಆ ಚರ್ಚೆಯಿಂದ ಏನೂ ಸಿಗುತ್ತಿರಲಿಲ್ಲ.

ಪಕ್ಕದ ಬಾಂಗ್ಲಾದೇಶದಲ್ಲಿ ಬೆಕ್ಸಿಮ್ಕೊ ಕಂಪನಿ 2020ರ ಮೇ ತಿಂಗಳಲ್ಲೇ ರೆಮ್‌ಡಿಸಿವಿರ್ ತಯಾರಿಸಿತ್ತು. ಅತಿ ಹಿಂದುಳಿದ ದೇಶಗಳಿಗೆ ಔಷಧ ಪೇಟೆಂಟ್‌ನಿಂದ ವಿನಾಯಿತಿ ಇರುವುದರಿಂದ ಅದಕ್ಕೆ ಯಾರ ಅನುಮತಿಯೂ ಬೇಕಿರಲಿಲ್ಲ. 2021ರ ಏಪ್ರಿಲಿನಲ್ಲಿ ಜಾರ್ಖಂಡ್ ಮುಖ್ಯಮಂತ್ರಿ ಹೇಮಂತ್ ಸೊರೇನ್, ಆ ಕಂಪನಿಯಿಂದ 50,000 ವಯಲ್ ತರಿಸಿಕೊಳ್ಳಲು ಅನುಮತಿ ಕೊಡಿ ಎಂದು ಕೇಂದ್ರ ರಸಗೊಬ್ಬರ ಮತ್ತು ರಾಸಾಯನಿಕ ಸಚಿವರಾಗಿದ್ದ ನಮ್ಮ ಡಿ.ವಿ. ಸದಾನಂದ ಗೌಡರಿಗೆ ಪತ್ರ ಬರೆದರು. ಸರ್ಕಾರಿ ಆಸ್ಪತ್ರೆಗಳಿಗೆ ಆಮದು ಮಾಡಿಕೊಳ್ಳಲು 47ನೇ ಸೆಕ್ಷನ್ ಇದ್ದೇ ಇತ್ತು. ಒಂದು ರಾಜ್ಯದ ಮುಖ್ಯಮಂತ್ರಿ ಸಂಕಟದ ನಡುವೆ ಹೀಗೆ ಪತ್ರ ಬರೆದು ಕಾಯುವ ಸ್ಥಿತಿಯೇ ಬರಬಾರದಿತ್ತು. ಯಾವ ರಾಜ್ಯ, ಯಾವ ಷರತ್ತಿನ ಮೇಲೆ, ಯಾರ ಸಹಿಯಿಂದ ತರಿಸಿಕೊಳ್ಳಬಹುದು ಎಂಬ ನಿಯಮ ಮೊದಲೇ ಸಿದ್ಧವಿರಬೇಕಿತ್ತು.

2021ರ ಮೇ ತಿಂಗಳಲ್ಲಿ ನಡೆದ ಇನ್ನೊಂದು ಘಟನೆ ನನ್ನ ಮಟ್ಟಿಗೆ ಇಡೀ ಚರ್ಚೆಯ ತಿರುಳು. ಬಾರಿಸಿಟಿನಿಬ್ ಎಂಬ ಸಂಧಿವಾತದ ಮಾತ್ರೆ ತೀವ್ರ ಕೋವಿಡ್ ರೋಗಿಗಳಿಗೂ ನೆರವಾಗುತ್ತದೆ ಎಂದು ಗೊತ್ತಾಗಿತ್ತು. ಪೇಟೆಂಟ್ ಎಲಿ ಲಿಲ್ಲಿ ಕಂಪನಿಯದು. ಸೊರಾಫೆನಿಬ್ ಪ್ರಕರಣದ ಅದೇ ನ್ಯಾಟ್ಕೊ ಔಷಧ ನಿಯಂತ್ರಣ ಸಂಸ್ಥೆಯಿಂದ ತುರ್ತು ಬಳಕೆಯ ಅನುಮತಿ ಪಡೆದು, ಕಡ್ಡಾಯ ಪರವಾನಗಿಗೆ ಅರ್ಜಿ ಹಾಕಿತು. ಅರ್ಜಿಯ ಮೇಲೆ ಆದೇಶ ಬರಲೇ ಇಲ್ಲ, ಬರಬೇಕಾದ ಪ್ರಮೇಯವೂ ಉಳಿಯಲಿಲ್ಲ. ಎರಡು ವಾರ ಆಗುವಷ್ಟರಲ್ಲಿ ಲಿಲ್ಲಿ ಭಾರತದ ಹಲವು ಕಂಪನಿಗಳಿಗೆ ರಾಯಧನವೇ ಇಲ್ಲದ ಪರವಾನಗಿ ಕೊಟ್ಟಿತು. ನ್ಯಾಟ್ಕೊಗೂ ಸಿಕ್ಕಿತು, ಅದು ಅರ್ಜಿ ಹಿಂತೆಗೆದುಕೊಂಡಿತು. ಈ ಅಧಿಕಾರದ ಮಾತೆತ್ತಿದರೆ ಕೆಲಸ ಕೆಡುತ್ತದೆ ಎಂದು ಸರ್ಕಾರ ಸುಪ್ರೀಂ ಕೋರ್ಟಿಗೆ ಹೇಳುತ್ತಿದ್ದ ಅದೇ ದಿನಗಳಲ್ಲಿ, ಒಂದು ಖಾಸಗಿ ಕಂಪನಿಯ ಒಂದು ಅರ್ಜಿ ಹೀಗೆ ಫಲ ಕೊಟ್ಟಿತು. ಕಾನೂನು ಜಾರಿಯಾಗಬಹುದು ಎಂಬ ನಂಬಿಕೆ ಎದುರಿನವರಿಗೆ ಇದ್ದಾಗ ಮಾತುಕತೆಗೆ ಬಲ ಬರುತ್ತದೆ. ಸರ್ಕಾರ ಎಂದಿಗೂ ಬಳಸುವುದಿಲ್ಲ ಎಂದು ಎಲ್ಲರಿಗೂ ಗೊತ್ತಾದರೆ, ಆ ಕಾನೂನು ಪುಸ್ತಕದಲ್ಲಿದ್ದೂ ಇಲ್ಲದಂತೆಯೇ.

ಹಾಗೆಂದು ಕಡ್ಡಾಯ ಪರವಾನಗಿ ಎಲ್ಲ ರೋಗಕ್ಕೂ ಮದ್ದು ಎಂದು ನಾನು ಹೇಳುವುದಿಲ್ಲ. ಸರ್ಕಾರ ಹೇಳಿದ ಕಚ್ಚಾ ಸಾಮಗ್ರಿಯ ಮಾತಿನಲ್ಲಿ ಸತ್ಯವಿದೆ. ಮಾತ್ರೆಯ ರೂಪದ ಸಣ್ಣ ಅಣುವಿನ ಔಷಧವನ್ನು ನಮ್ಮ ರಸಾಯನಶಾಸ್ತ್ರಜ್ಞರು ಪೇಟೆಂಟ್ ದಾಖಲೆ ನೋಡಿ, ಕೆಲವು ತಿಂಗಳಲ್ಲಿ ಮಾಡಿಬಿಡುತ್ತಾರೆ. ಜೀವಕೋಶಗಳಲ್ಲಿ ಬೆಳೆಸುವ ಟೊಸಿಲಿಜುಮ್ಯಾಬ್‌ನಂಥ ಔಷಧ ಹಾಗಲ್ಲ. ಅದರ ದೇಶೀಯ ರೂಪಕ್ಕೆ ಅನುಮತಿ ಸಿಕ್ಕಿದ್ದು 2021ರ ಸೆಪ್ಟೆಂಬರಿನಲ್ಲಿ, ಅಷ್ಟರಲ್ಲಿ ಎರಡನೇ ಅಲೆ ಮುಗಿದಿತ್ತು. ಲಸಿಕೆಯ ಕಥೆ ಇನ್ನೂ ಕಠಿಣ. ಕೊವ್ಯಾಕ್ಸಿನ್ ಅನ್ನು ಭಾರತ್ ಬಯೋಟೆಕ್ ಜೊತೆ ರೂಪಿಸಿದ್ದು ಸಾರ್ವಜನಿಕ ಸಂಸ್ಥೆಯಾದ ಐಸಿಎಂಆರ್, ಮಾರಾಟದ ಮೇಲೆ ಅದಕ್ಕೆ ರಾಯಧನವೂ ಉಂಟು. ಅಲ್ಲಿ ಪೇಟೆಂಟ್ ಅಡ್ಡಿಯೇ ಇರಲಿಲ್ಲ. ಆದರೂ ಮುಂಬೈನ ಹಾಫ್‌ಕಿನ್, ಬುಲಂದ್‌ಶಹರ್‌ನ ಬಿಬ್‌ಕೋಲ್‌ನಂಥ ಸರ್ಕಾರಿ ಸಂಸ್ಥೆಗಳು ಅದನ್ನು ತಯಾರಿಸಲು ಸಜ್ಜಾಗುವುದಕ್ಕೆ ತಿಂಗಳುಗಟ್ಟಲೆ ಬೇಕಾಯಿತು. ಕೋಲಾರ ಜಿಲ್ಲೆಯ ಮಾಲೂರಿನಲ್ಲಿ ಘಟಕ ಆರಂಭಿಸುವ ಘೋಷಣೆ ಬಂದದ್ದೂ ಎರಡನೇ ಅಲೆಯ ನಡುವೆ. ವೈರಾಣುವಿನ ತಳಿ, ಉನ್ನತ ಮಟ್ಟದ ಜೈವಿಕ ಸುರಕ್ಷತೆಯ ಕೊಠಡಿ, ತರಬೇತಾದ ಕೈಗಳು, ಗುಣಮಟ್ಟದ ಪರೀಕ್ಷೆ, ಇವನ್ನೆಲ್ಲ ಯಾವ ಕಂಟ್ರೋಲರ್ ಆದೇಶವೂ ರಾತ್ರೋರಾತ್ರಿ ತಂದುಕೊಡಲಾರದು.

ಈ ಸತ್ಯದಿಂದ ಸರ್ಕಾರ ತಲುಪಿದ ತೀರ್ಮಾನ, ಹಾಗಾದರೆ ಅಧಿಕಾರ ಬಳಸುವುದು ಬೇಡ ಎಂದು. ನಾನು ತಲುಪುವ ತೀರ್ಮಾನ ಬೇರೆ. ತಯಾರಿಗೆ ಸಮಯ ಬೇಕು, ಆದ್ದರಿಂದ ಅಧಿಕಾರವನ್ನು ಬೇಗ ಬಳಸಬೇಕು. ಹೆಣಗಳ ಸಾಲು ಕಂಡ ಮೇಲೆ ಯೋಚಿಸಲು ಕುಳಿತರೆ ಯಾವ ಪರವಾನಗಿಯೂ ಪ್ರಯೋಜನಕ್ಕೆ ಬಾರದು. ರುವಾಂಡಾದ ಅನುಭವವೂ ಇದನ್ನೇ ಹೇಳುತ್ತದೆ. ಸ್ವಂತ ಔಷಧ ಕಾರ್ಖಾನೆಯಿಲ್ಲದ ದೇಶಗಳಿಗೆಂದು ವಿಶ್ವ ವ್ಯಾಪಾರ ಸಂಸ್ಥೆ 2003ರಲ್ಲಿ ಒಂದು ವ್ಯವಸ್ಥೆ ಮಾಡಿತು. ಅದರಡಿ ಕೆನಡಾದ ಅಪೋಟೆಕ್ಸ್ ಕಂಪನಿಯಿಂದ ಏಡ್ಸ್ ಮಾತ್ರೆ ತರಿಸಿಕೊಳ್ಳುತ್ತೇನೆ ಎಂದು ರುವಾಂಡಾ ತಿಳಿಸಿದ್ದು 2007ರ ಜುಲೈನಲ್ಲಿ. ಮೊದಲ ಕಂತು ಹೊರಟದ್ದು 2008ರ ಸೆಪ್ಟೆಂಬರಿನಲ್ಲಿ. ಕೋವಿಡ್ ಕಾಲದಲ್ಲಿ ಬೊಲಿವಿಯಾ ಅದೇ ದಾರಿಯಲ್ಲಿ ಕೆನಡಾದ ಬಯೋಲೈಸ್ ಕಂಪನಿಯಿಂದ ಲಸಿಕೆ ಪಡೆಯಲು ಹೊರಟಾಗ, ಕೆನಡಾ ಸರ್ಕಾರ ತನ್ನ ಪಟ್ಟಿಗೆ ಕೋವಿಡ್ ಲಸಿಕೆಯನ್ನು ಸೇರಿಸಲೇ ಇಲ್ಲ. ಭಾರತ ಮತ್ತು ದಕ್ಷಿಣ ಆಫ್ರಿಕಾದ ಪ್ರಸ್ತಾವಕ್ಕೆ 2022ರ ಜೂನ್ 17ರಂದು ಸಿಕ್ಕ ಉತ್ತರ ಲಸಿಕೆಗಳಿಗೆ ಮಾತ್ರ ಸೀಮಿತವಾದ ಐದು ವರ್ಷದ ಸಡಿಲಿಕೆ. ಔಷಧ ಮತ್ತು ಪರೀಕ್ಷಾ ಸಾಧನಗಳ ವಿಷಯವನ್ನು ಆರು ತಿಂಗಳಲ್ಲಿ ತೀರ್ಮಾನಿಸುತ್ತೇವೆ ಎಂದರು, 2024ರ ಅಬುಧಾಬಿ ಸಮ್ಮೇಳನದ ತನಕವೂ ಒಮ್ಮತ ಮೂಡಲಿಲ್ಲ.

ಹೊಸ ಔಷಧ ಸಂಶೋಧನೆಗೆ ಅಪಾರ ಹಣ ಬೇಕು, ಹತ್ತು ಪ್ರಯತ್ನಗಳಲ್ಲಿ ಒಂಬತ್ತು ಸೋಲುತ್ತವೆ, ಪೇಟೆಂಟಿನ ಭರವಸೆ ಇಲ್ಲದಿದ್ದರೆ ಯಾರು ಹಣ ಹೂಡುತ್ತಾರೆ ಎಂಬ ಆಕ್ಷೇಪ ಹಗುರವಾದದ್ದಲ್ಲ. ನಮ್ಮಲ್ಲೂ ಹೊಸ ಅಣು ಹುಡುಕುವ ವಿಜ್ಞಾನಿಗಳಿದ್ದಾರೆ, ಅವರ ಶ್ರಮಕ್ಕೂ ರಕ್ಷಣೆ ಬೇಕು. ಆದರೆ ಸೊರಾಫೆನಿಬ್ ಪರವಾನಗಿಯಿಂದ ಬೇಯರ್ ಸಂಶೋಧನೆ ನಿಲ್ಲಲಿಲ್ಲ, ಕಂಪನಿ ಭಾರತ ಬಿಟ್ಟು ಹೋಗಲೂ ಇಲ್ಲ. ತಿಂಗಳಿಗೆ 2.8 ಲಕ್ಷ ಕೊಟ್ಟು ಮಾತ್ರೆ ಕೊಳ್ಳಲಾರದ ರೋಗಿ ಅದರ ಗ್ರಾಹಕನೇ ಆಗಿರಲಿಲ್ಲ. ಅಂಥವನಿಗೆ ಬೇರೆಯವರು ಔಷಧ ಕೊಟ್ಟು, ಅದರ ಮೇಲೂ ರಾಯಧನ ಕಟ್ಟಿದರೆ ಕಂಪನಿಗೆ ಆಗುವ ನಷ್ಟ ಎಷ್ಟು? ಇನ್ನು ಸಾಂಕ್ರಾಮಿಕದ ಔಷಧ, ಲಸಿಕೆಗಳ ಸಂಶೋಧನೆಯಲ್ಲಿ ಸರ್ಕಾರಗಳು ಸುರಿದ ತೆರಿಗೆ ಹಣದ ಪಾಲು ದೊಡ್ಡದು. ಆ ಹಣ ಕೊಟ್ಟ ಜನರಿಗೂ ಒಂದು ಹಕ್ಕಿದೆ.

ನನಗೆ ಹೆಚ್ಚು ಆತಂಕ ತಂದಿರುವುದು ಇತ್ತೀಚಿನ ಒಂದು ದಾಖಲೆ. 2025ರ ಜುಲೈ 24ರಂದು ಸಹಿಯಾದ ಭಾರತ–ಬ್ರಿಟನ್ ವ್ಯಾಪಾರ ಒಪ್ಪಂದದ ಬೌದ್ಧಿಕ ಆಸ್ತಿಯ ಅಧ್ಯಾಯದಲ್ಲಿ, ಔಷಧ ಜನರಿಗೆ ದೊರಕಿಸಲು ಒಪ್ಪಂದದ ಪರವಾನಗಿಯಂಥ ಸ್ವಇಚ್ಛೆಯ ಕ್ರಮಗಳೇ ಉತ್ತಮ ಮಾರ್ಗ ಎಂದು ಎರಡೂ ದೇಶಗಳು ಒಪ್ಪಿಕೊಂಡಿವೆ. ದೋಹಾ ಘೋಷಣೆಯ ಹಕ್ಕುಗಳು ಹಾಗೆಯೇ ಇವೆ, ಕಾಯ್ದೆಯ ಒಂದಕ್ಷರವೂ ಬದಲಾಗಿಲ್ಲ ಎಂದು ಸರ್ಕಾರ ಹೇಳಬಹುದು. ಅದು ನಿಜವೇ. ಆದರೆ ನಾಳೆ ಒಬ್ಬ ಅಧಿಕಾರಿ 92ನೇ ಸೆಕ್ಷನ್ನಿನ ಕಡತ ಮುಂದಿಟ್ಟರೆ, ನೀವೇ ಸಹಿ ಹಾಕಿದ ಮಾತು ಇದು ಎಂದು ಎದುರಿನವರು ಈ ಸಾಲನ್ನು ತೋರಿಸುತ್ತಾರೆ. ಮೊದಲೇ ಅಳುಕುವ ಕೈಗೆ ಇನ್ನೊಂದು ನೆಪ ಸಿಕ್ಕಂತಾಯಿತು. ಪೇಟೆಂಟ್ ಬಳಕೆಗೆ ಬಂದಿದೆಯೇ ಎಂದು ಕಂಪನಿಗಳು ವರ್ಷಕ್ಕೊಮ್ಮೆ ಕೊಡಬೇಕಿದ್ದ ವಿವರಣೆಯನ್ನು 2024ರ ಮಾರ್ಚ್‌ನಲ್ಲಿ ಪೇಟೆಂಟ್ ನಿಯಮಗಳಿಗೆ ಆದ ತಿದ್ದುಪಡಿ ಮೂರು ವರ್ಷಕ್ಕೊಮ್ಮೆಗೆ ಇಳಿಸಿದೆ. ಯಾವ ಔಷಧ ಎಷ್ಟು ಆಮದಾಯಿತು, ಇಲ್ಲಿ ತಯಾರಾಯಿತೇ ಎಂಬ ಮಾಹಿತಿಯೇ ಕಡ್ಡಾಯ ಪರವಾನಗಿ ಕೇಳುವವರ ಸಾಕ್ಷ್ಯ. ಅದು ತಡವಾದಷ್ಟೂ ಅರ್ಜಿದಾರರ ಕೈ ಬರಿದಾಗುತ್ತದೆ.

ಮಾಡಬೇಕಾದದ್ದು ಕಷ್ಟದ್ದೇನೂ ಅಲ್ಲ. ಸಾಂಕ್ರಾಮಿಕಗಳಲ್ಲಿ ಬೇಕಾಗಬಹುದಾದ ಔಷಧಗಳು ಯಾವುವು, ಅವುಗಳ ಪೇಟೆಂಟ್ ಯಾರ ಬಳಿ, ಎಷ್ಟು ವರ್ಷ ಉಳಿದಿದೆ, ಇಲ್ಲಿ ಯಾರು ತಯಾರಿಸಬಲ್ಲರು ಎಂಬ ಪಟ್ಟಿಯನ್ನು ಆರೋಗ್ಯ ಸಚಿವಾಲಯ ಈಗಲೇ ಮಾಡಿ, ವರ್ಷಕ್ಕೊಮ್ಮೆ ಪ್ರಕಟಿಸಬೇಕು. ದೇಶದಲ್ಲಿ ಸಾಂಕ್ರಾಮಿಕ ಘೋಷಣೆಯಾದರೆ 92ನೇ ಸೆಕ್ಷನ್ನಿನ ಅಧಿಸೂಚನೆ ಇಷ್ಟು ದಿನದೊಳಗೆ ಹೊರಡಬೇಕು, ರಾಯಧನ ಇಷ್ಟು ಎಂದು ನಿಯಮ ಬರೆದಿಡಬೇಕು. ಒಪ್ಪಂದದ ಪರವಾನಗಿಗಳ ಷರತ್ತುಗಳನ್ನು ಬಹಿರಂಗಗೊಳಿಸಬೇಕು. ಸಾರ್ವಜನಿಕ ಹಣದಿಂದ ರೂಪಿಸಿದ ಲಸಿಕೆಯ ತಾಂತ್ರಿಕ ತಿಳಿವಳಿಕೆಯನ್ನು ಮೊದಲ ದಿನದಿಂದಲೇ ಎರಡು ಸರ್ಕಾರಿ ಕಾರ್ಖಾನೆಗಳಿಗಾದರೂ ಕಲಿಸಬೇಕು.

ಕರ್ನಾಟಕಕ್ಕೂ ಇಲ್ಲಿ ಕೆಲಸವಿದೆ. ಕೇಂದ್ರ ಮತ್ತು ರಾಜ್ಯ ಎರಡರ ಪಾಲೂ ಇರುವ ಕರ್ನಾಟಕ ಆ್ಯಂಟಿಬಯಾಟಿಕ್ಸ್ ಕಂಪನಿ ಬೆಂಗಳೂರಿನಲ್ಲಿದೆ. 100ನೇ ಸೆಕ್ಷನ್ನಿನಡಿ ಕೇಂದ್ರದ ಲಿಖಿತ ಅನುಮತಿ ಸಿಕ್ಕರೆ, ರಾಜ್ಯದ ಆಸ್ಪತ್ರೆಗಳಿಗೆ ಬೇಕಾದ ಪೇಟೆಂಟ್ ಔಷಧವನ್ನು ಅಂಥ ಸರ್ಕಾರಿ ಕಂಪನಿಯಲ್ಲೇ ಮಾಡಿಸಲು ಕಾನೂನಿನ ಅಡ್ಡಿಯಿಲ್ಲ. ಕಿದ್ವಾಯಿಯಂಥ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆಗೆ ಬರುವ ರೋಗಿಗಳು ಬೆಲೆಯ ಕಾರಣಕ್ಕೆ ಯಾವ ಪೇಟೆಂಟ್ ಔಷಧ ಬಿಟ್ಟುಹೋಗುತ್ತಿದ್ದಾರೆ ಎಂಬ ಲೆಕ್ಕ ತೆಗೆದು, ಆ ಪಟ್ಟಿಯೊಂದಿಗೆ ರಾಜ್ಯ ಸರ್ಕಾರ ದೆಹಲಿಗೆ ಬರೆಯಲಿ. ನಮ್ಮ ಸಂಸದರು ಲೋಕಸಭೆಯಲ್ಲಿ ಒಂದು ಪ್ರಶ್ನೆ ಕೇಳಲಿ: 92ನೇ ಸೆಕ್ಷನ್ ಅನ್ನು ಬಳಸಲು ಸರ್ಕಾರಕ್ಕೆ ಇನ್ನೆಂಥ ಸಾಂಕ್ರಾಮಿಕ ಬರಬೇಕು? ಓದುಗರು ತಮ್ಮ ಕ್ಷೇತ್ರದ ಸಂಸದರಿಗೆ ಈ ಪ್ರಶ್ನೆಯನ್ನು ಒಂದು ಪತ್ರದಲ್ಲಿ ಬರೆದು ಕಳಿಸಬೇಕೆಂದು ಕೇಳಿಕೊಳ್ಳುತ್ತೇನೆ.